ಕೈ ಸೋತಿದ್ದಲ್ಲ, ಎಣ್ಣೆ ಸವೆದಿದ್ದು

ಪ್ರಶ್ನೆ: ಸರ್, ಯೂಟ್ಯೂಬಲ್ಲಿ ಅಮೆರಿಕದ ಪ್ರೊ ಬೌಲಿಂಗ್ ನೋಡ್ತಿರ್ತೀನಿ, ಉದ್ದ ಲೇನಲ್ಲಿ ಬಾಲ್ ಉರುಳಿಸಿ ಪಿನ್ ಬೀಳಿಸೋ ಆಟ. ಮೊದಲ್ನೇ ಗೇಮಲ್ಲಿ ಸ್ಟ್ರೈಕ್ ಮೇಲೆ ಸ್ಟ್ರೈಕ್ (ಒಂದೇ ಏಟಿಗೆ ಹತ್ತೂ ಪಿನ್) ಹೊಡೆದ ಬಲಗೈ ಆಟಗಾರ, ಮೂರ್ನೇ ಗೇಮಿಗೆ ಅದೇ ಥರ ಬಿಟ್ರೂ ಬಾಲ್ ಜಾಸ್ತಿ ತಿರುಗಿ ಎಡಕ್ಕೆ ಹೋಯ್ತು. ಕೈ ಸೋತಿತ್ತಾ? ಲೇನ್‌ಗೆ ಎಣ್ಣೆ ಹಾಕ್ತಾರಂತಲ್ಲ, ಅದರದ್ದೇನಾದ್ರೂ ಸಂಬಂಧ ಐತಾ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಕೈ ಸೋತಿಲ್ಲ ರೀ, ಲೇನ್ ಬದಲಾಗೈತೆ. ಗಣಪತಿ ಹಬ್ಬದ ಟೈಮಲ್ಲಿ ಕೇರಂ ಟೂರ್ನಮೆಂಟ್ ಆಡಿದ್ರೆ ನಿಮಗೇ ಗೊತ್ತಿರ್ತದೆ, ಪೌಡರ್ ಇರೋ ಕಡೆ ಸ್ಟ್ರೈಕರ್ ಜಾರ್ತದೆ, ಪೌಡರ್ ಸರಿದ ಕಡೆ ಹಿಡೀತದೆ. ಇದೂ ಅದೇ ಲೆಕ್ಕ, ಆದ್ರೆ ಪೌಡರ್ ಕಾಣ್ತದೆ, ಎಣ್ಣೆ ಅಷ್ಟು ದೂರದಿಂದ ಕಾಣಲ್ಲ, ಬಾಲ್ ಹೋಗೋ ದಾರಿ ನೋಡೇ ತಿಳ್ಕೋಬೇಕು.

ಬಾಲ್ ಬಿಡುವಾಗ ದಾಟಬಾರದ ಗೆರೆ, ಅಂದ್ರೆ ಫೌಲ್ ಲೈನಿಂದ ಎಲ್ಲಕ್ಕಿಂತ ಮುಂದಿರೋ ಪಿನ್‌ಗೆ 60 ಅಡಿ, ಅದ್ರಲ್ಲಿ ಸುಮಾರು 35ರಿಂದ 45 ಅಡಿವರೆಗೂ ಮಷೀನಲ್ಲಿ ಎಣ್ಣೆ ಹಾಕ್ತಾರೆ, ಉಳಿದಿದ್ದು ಒಣ. ಬಾಲ್ ಎಣ್ಣೆ ಮೇಲೆ ಜಾರ್ಕೊಂಡು ಹೋಗಿ ಒಣ ಜಾಗ ಸಿಕ್ಕ ತಕ್ಷಣ ಹಿಡ್ಕೊಂಡು ತಿರುಗ್ತದೆ. ಪ್ರೊಗಳ ರಿಯಾಕ್ಟಿವ್ ರೆಸಿನ್ ಬಾಲ್ ಎಣ್ಣೆನ ಹೀರ್ಕೊಳ್ತದೆ, ಎಲ್ಲರೂ ಒಂದೇ ದಾರೀಲಿ ಬಿಟ್ಟೂ ಬಿಟ್ಟೂ ಅಲ್ಲಿ ಎಣ್ಣೆ ತೆಳುವಾಗಿ ಬಾಲ್ ಬೇಗನೇ ತಿರುಗೋಕೆ ಶುರು ಮಾಡ್ತದೆ, ನೀವು ನೋಡಿದ್ದು ಅದೇ. ಆಗ ಬಲಗೈ ಆಟಗಾರ ಎಡಕ್ಕೆ ಸರಿದು ನಿಂತು ಎಣ್ಣೆ ಇನ್ನೂ ಇರೋ ದಾರಿ ಹುಡುಕ್ತಾನೆ, ಇಲ್ಲಾ ಕಡಿಮೆ ಹಿಡಿಯೋ ಬಾಲ್ ತಗೋತಾನೆ. ಎಡಗೈಯವರು ಕಡಿಮೆ ಇರೋದ್ರಿಂದ ಅವರ ಕಡೆ ಎಣ್ಣೆ ಜಾಸ್ತಿ ಹೊತ್ತು ಹಂಗೇ ಉಳೀತದೆ.

ಬೆಂಗಳೂರಿನ ಮಾಲಲ್ಲಿ ಆಡಿ ನಂಗೂ ಹೊಡೆಯೋಕೆ ಬರ್ತದೆ ಅನ್ಕೊಂಡಿದ್ರೆ ಒಂದು ಮಾತು: ಅಂಥ ಕಡೆ ಸಾಮಾನ್ಯವಾಗಿ ಮಧ್ಯದಲ್ಲಿ ದಪ್ಪ, ಅಂಚಲ್ಲಿ ತೆಳು ಎಣ್ಣೆ. ಗುರಿ ಸ್ವಲ್ಪ ಹೊರಗೆ ತಪ್ಪಿದ್ರೆ ಒಣ ಅಂಚು ಬಾಲ್‌ನ ವಾಪಸ್ ತರ್ತದೆ, ಒಳಗೆ ತಪ್ಪಿದ್ರೆ ಎಣ್ಣೆ ತಡೀತದೆ. ಪ್ರೊ ಪ್ಯಾಟರ್ನಲ್ಲಿ, ಅಂದ್ರೆ ಪ್ರೊಗಳಿಗೆ ಎಣ್ಣೆ ಹಾಕೋ ರೀತೀಲಿ, ಮಧ್ಯಕ್ಕೂ ಅಂಚಿಗೂ ಅಷ್ಟು ಫರಕಿರಲ್ಲ, ಒಂದೆರಡು ಬೋರ್ಡ್ (ಲೇನ್ ಉದ್ದಕ್ಕೂ ಇರೋ ಪಟ್ಟಿ) ತಪ್ಪಿದ್ರೂ ಪಿನ್ ಉಳೀತಾವೆ. ಇರೋದೇ 39 ಬೋರ್ಡ್, ಒಂದೊಂದೂ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎಣ್ಣೆ ಉದ್ದದಲ್ಲಿ 31 ಕಳೆದ್ರೆ ಬಾಲ್ ಸುಮಾರು ಎಷ್ಟನೇ ಬೋರ್ಡಿಂದ ತಿರುಗಬೇಕು ಅಂತ ಸಿಗ್ತದೆ, 40 ಅಡಿ ಆದ್ರೆ 9ನೇ ಬೋರ್ಡ್, ಬಲಗೈಯವರಿಗೆ ಬಲ ಅಂಚಿಂದ ಎಣಿಸಿ. ಅಲ್ಲಿಂದ ಶುರು ಮಾಡ್ತಾರೆ, ಆಮೇಲೆ ಲೇನ್ ಹೇಳ್ದಂಗೆ ಸರೀತಾರೆ.

ಮುಂದಿನ ಸಲ ಮ್ಯಾಚ್ ನೋಡುವಾಗ ಬಾಲ್ ಬಿಟ್ಟು ಆಟಗಾರನ ಕಾಲು ನೋಡ್ರಿ, ಗೇಮಿಂದ ಗೇಮಿಗೆ ಎಷ್ಟು ಬೋರ್ಡ್ ಸರಿದ ಅಂತ ಎಣಿಸ್ರಿ.