ಓದುಗರ ಪ್ರಶ್ನೆ: ಭಿಕ್ಷುವಿನ ಚೀವರ ತೊಟ್ಟವರು ಕಲ್ಲೆತ್ತಿಕೊಂಡದ್ದು ಹೇಗೆ?

ಶ್ರೀಲಂಕಾ ಮತ್ತು ಮ್ಯಾನ್ಮಾರ್‌ನ ಕೆಲವು ಭಿಕ್ಷುಗಳು ಮುಸ್ಲಿಮರ ವಿರುದ್ಧ ನಡೆಸಿದ ರಾಜಕೀಯದ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಮಂಗಳೂರು, ಉಡುಪಿ ಕಡೆಯಿಂದ ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಕದ್ರಿಯ ಲೋಕೇಶ್ವರನ ಮುಖ ನೋಡಿದವರಿಗೆ ಬುದ್ಧನ ಹೆಸರಲ್ಲಿ ಮನೆ ಸುಡುತ್ತಾರೆಂದರೆ ನಂಬಲಾಗುವುದಿಲ್ಲ. ಅಹಿಂಸೆಯ ಧರ್ಮದಲ್ಲಿ ಇದಕ್ಕೆ ಜಾಗ ಎಲ್ಲಿಂದ ಬಂತು? (ಬಿಜೈ, ಮಂಗಳೂರು)

ಲೋಕೇಶ್ವರನನ್ನು ಸದ್ಯ ಬದಿಗಿಡೋಣ. ಆಳುಪ ದೊರೆ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ನಿಲ್ಲಿಸಿದ ಆ ಕಂಚಿನ ಮೂರ್ತಿಯ ಹಿಂದಿರುವ ಪರಂಪರೆಯೇ ಬೇರೆ. ಲಂಕೆ ಮತ್ತು ಬರ್ಮಾದಲ್ಲಿ (ಇಂದಿನ ಮ್ಯಾನ್ಮಾರ್) ಇರುವುದು ಥೇರವಾದ, ಪಾಳಿ ಗ್ರಂಥಗಳನ್ನು ಅನುಸರಿಸುವ ಬೌದ್ಧ ಪಂಥ. ಅಲ್ಲಿ ನೀವು ತಿಳಿಯಬೇಕಾದ ಪದ ‘ಸಾಸನ’. ಬುದ್ಧನ ಬೋಧೆ, ಅದನ್ನು ಕಾಯುವ ಸಂಘ, ವಿಹಾರ, ಸ್ತೂಪ ಎಲ್ಲವೂ ಅದರೊಳಗೆ ಬರುತ್ತವೆ. ಈ ಸಾಸನ 5000 ವರ್ಷ ಬಾಳಿ ಅಳಿಯುತ್ತದೆ ಎಂಬುದು ಹಳೆಯ ನಂಬಿಕೆ. 1956ರಲ್ಲಿ 2500 ವರ್ಷ ತುಂಬಿತು. ಅಂದರೆ ಅರ್ಧ ಆಯುಷ್ಯ ಕಳೆಯಿತು. ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾಯ್ದೆ ಲಂಕೆಯಲ್ಲಿ ಬಂದದ್ದೂ ಅದೇ ವರ್ಷ. ಅಳಿಯಲಿರುವುದನ್ನು ಕಾಯಬೇಕು, ಕಾಯಲು ನಾಡು ಬೇಕು, ನಾಡಿಗೊಂದು ಜನಾಂಗ ಬೇಕು: ತರ್ಕ ಹೀಗೆ ಸಾಗುತ್ತದೆ.

ಪುರಾವೆಗೆ ಈ ಭಿಕ್ಷುಗಳು ಲಂಕೆಯಲ್ಲಿ ಎತ್ತುವುದು ಪಾಳಿಯ ‘ಮಹಾವಂಸ’ವನ್ನು, ಅಂದರೆ ಲಂಕೆಯ ದೊರೆಗಳ ಹಳೆಯ ಚರಿತ್ರೆಯನ್ನು. ತಮಿಳು ದೊರೆ ಎಳಾರನನ್ನು ಗೆದ್ದ ಸಿಂಹಳ ದೊರೆ ದುಟ್ಟಗಾಮಣಿ ಸತ್ತವರನ್ನು ನೆನೆದು ಕೊರಗುತ್ತಾನೆ. ಆಗ ಅರಹಂತರು (ಮುಕ್ತಿ ಪಡೆದ ಭಿಕ್ಷುಗಳು) ಬಂದು, ಸತ್ತದ್ದು ಒಂದೂವರೆ ಮನುಷ್ಯ ಮಾತ್ರ ಎಂದು ಸಮಾಧಾನ ಹೇಳುತ್ತಾರೆ. ಒಬ್ಬ ತ್ರಿಶರಣ ಹೊಕ್ಕವನು, ಇನ್ನೊಬ್ಬ ಪಂಚಶೀಲ ಹಿಡಿದವನು, ಮಿಕ್ಕವರು ಪಶುಸಮಾನರು. ಅದೇ ಗ್ರಂಥ ಎಳಾರನನ್ನು ನ್ಯಾಯವಂತನೆಂದು ಹೊಗಳುತ್ತದೆ. ಸತ್ತ ಮೇಲೆ ಅವನಿಗೆ ಗೌರವ ಸಲ್ಲಿಸಲು ದುಟ್ಟಗಾಮಣಿಯೇ ಏರ್ಪಾಡು ಮಾಡಿದನೆಂದೂ ಹೇಳುತ್ತದೆ. ಭಾಷಣಗಳಲ್ಲಿ ಆ ಪುಟ ಬರುವುದಿಲ್ಲ.

969 ಎಂಬ ಅಂಕಿಯ ಅರ್ಥವೇನು? ‘ಮಾ ಬಾ ಥಾ’ ಎಂದರೆ ಯಾರು? (ಕುಂದಾಪುರ)

ಬುದ್ಧನ ಗುಣ 9, ಧಮ್ಮದ ಗುಣ 6, ಸಂಘದ ಗುಣ 9. ಬೌದ್ಧರು ದಿನವೂ ಪಠಿಸುವಂಥದ್ದು. ಅದರಲ್ಲಿ ಯಾರಿಗೂ ಕೇಡಿಲ್ಲ. ದಕ್ಷಿಣ ಏಷ್ಯಾದ ಮುಸ್ಲಿಮರು ಅಂಗಡಿ, ಹೋಟೆಲ್ ಮೇಲೆ 786 ಎಂದು ಬರೆಯುವುದನ್ನು ನಮ್ಮೂರಲ್ಲೂ ಕಂಡಿರುತ್ತೀರಿ. ‘ಬಿಸ್ಮಿಲ್ಲಾ’ ವಾಕ್ಯದ ಅಕ್ಷರಗಳಿಗೆ ಅರಬ್ಬಿ ಲೆಕ್ಕದಲ್ಲಿ ಬರುವ ಮೊತ್ತವದು. 7, 8, 6 ಕೂಡಿದರೆ 21, ಆದ್ದರಿಂದ 21ನೇ ಶತಮಾನದಲ್ಲಿ ದೇಶ ಕಬಳಿಸುವ ಸಂಚು ಎಂದು ಬರ್ಮಾದಲ್ಲಿ ಹಬ್ಬಿಸಿದರು. ಇದಕ್ಕೆ ಎದುರಾಗಿ 969 ಸ್ಟಿಕ್ಕರ್ ಬಂತು. 2012ರ ಕೊನೆಗೆ ಮೌಲ್‌ಮೇನ್‌ನಲ್ಲಿ ಶುರುವಾದದ್ದನ್ನು ಮಾಂಡಲೆಯ ಭಿಕ್ಷು ವಿರಾಥು ಪ್ರವಚನ ಮತ್ತು ಡಿವಿಡಿಗಳ ಮೂಲಕ ಊರೂರಿಗೆ ಒಯ್ದರು. ಸ್ಟಿಕ್ಕರ್ ಇದ್ದ ಅಂಗಡಿಯಲ್ಲಿ ಕೊಳ್ಳಿ, ಇಲ್ಲದ ಕಡೆ ಬೇಡ. ಬಹಿಷ್ಕಾರವೆಂದು ಘೋಷಿಸುವ ಅಗತ್ಯವೇ ಇಲ್ಲ, ಅಂಗಡಿಯ ಬಾಗಿಲೇ ಸಾರುತ್ತದೆ. ಗಲಭೆಯ ದಿನ ಯಾವ ಅಂಗಡಿ ಯಾರದೆಂದು ವಿಚಾರಿಸುವ ಕೆಲಸವೂ ಉಳಿಯುವುದಿಲ್ಲ. 2013ರ ಮಾರ್ಚ್‌ನಲ್ಲಿ ಮೇಕ್ತಿಲಾದ ಚಿನ್ನದಂಗಡಿಯೊಂದರ ಜಗಳ ಊರಿಗೇ ಬೆಂಕಿ ಹಚ್ಚಿತು. ಅಂದು ಸಂಜೆ ಒಬ್ಬ ಭಿಕ್ಷುವಿನ ಕೊಲೆಯಾಯಿತು. ಮುಂದಿನ ದಿನಗಳಲ್ಲಿ ಮದ್ರಸಾದ ಮಕ್ಕಳೂ ಸೇರಿ 40ಕ್ಕೂ ಹೆಚ್ಚು ಜನ ಸತ್ತರು.

‘ಮಾ ಬಾ ಥಾ’ ಆ ಬಳಿಕ ಬಂದ ಭಿಕ್ಷುಗಳ ದೊಡ್ಡ ಸಂಘಟನೆ. ಹೆಸರು ಮೂರು ಪದಗಳ ಚುಟುಕು: ಅಮ್ಯೋ ಎಂದರೆ ಜನಾಂಗ, ಬಾಥಾ ಎಂದರೆ ಮತ, ಥಾಥನಾ ಎಂದರೆ ಸಾಸನ. ಬರ್ಮೀಯರ ನಾಲಿಗೆಯಲ್ಲಿ ‘ಸ’ ‘ಥ’ ಆಗುತ್ತದೆ. ಹಾಗಾಗಿ ಪಾಳಿಯ ‘ಭಾಸಾ’ ಬಾಥಾ ಆಯಿತು. ಭಾಷೆ ಎಂಬ ಪದವೇ ಅಲ್ಲಿ ಮತ ಎಂಬ ಅರ್ಥಕ್ಕೆ ತಿರುಗಿರುವುದು ಗಮನಿಸುವಂಥದ್ದು. 2015ರಲ್ಲಿ ಇವರ ಒತ್ತಾಯಕ್ಕೆ ನಾಲ್ಕು ಕಾಯ್ದೆಗಳು ಬಂದವು. ಗುರುತಿಸಿದ ಪ್ರದೇಶಗಳಲ್ಲಿ ಎರಡು ಹೆರಿಗೆಗಳ ನಡುವೆ 36 ತಿಂಗಳ ಅಂತರ, ಮತಾಂತರಕ್ಕೆ ಮಂಡಳಿಯ ಒಪ್ಪಿಗೆ, ಬೌದ್ಧ ಹೆಣ್ಣು ಬೇರೆ ಮತದವನನ್ನು ಮದುವೆಯಾಗುವುದಾದರೆ ಮೊದಲೇ ಸಾರ್ವಜನಿಕ ನೋಟಿಸ್, ಮತ್ತು ಏಕಪತ್ನಿತ್ವ.

ಒಂದು ಸುಳ್ಳು ಸುದ್ದಿ ಗಲಭೆಯಾಗಲು ಎಷ್ಟು ಹೊತ್ತು ಬೇಕು? (ಸುರತ್ಕಲ್)

ಲಂಕೆಯ ಅಂಪಾರ ಪಟ್ಟಣದಲ್ಲಿ ಒಂದು ರಾತ್ರಿ ಸಾಕಾಯಿತು. 2018ರ ಫೆಬ್ರವರಿ ಕೊನೆ. ಮುಸ್ಲಿಮರ ಹೋಟೆಲಿನಲ್ಲಿ ಗಿರಾಕಿಯೊಬ್ಬನಿಗೆ ಪದಾರ್ಥದಲ್ಲಿ ಬಿಳಿ ಉಂಡೆ ಸಿಕ್ಕಿತು. ಸಿಂಹಳೀಯರ ಸಂತಾನ ನಿಲ್ಲಿಸಲು ಊಟದಲ್ಲಿ ಬಂಜೆತನದ ಮಾತ್ರೆ ಹಾಕುತ್ತಾರೆ ಎಂಬ ಪುಕಾರು ಮೊದಲೇ ಓಡಾಡುತ್ತಿತ್ತು. ಗಲ್ಲೆಯಲ್ಲಿದ್ದವನಿಗೆ ಸಿಂಹಳ ಸರಿಯಾಗಿ ಬಾರದು. ಜನ ಸುತ್ತುಗಟ್ಟಿ ‘ಮಾತ್ರೆ ಹಾಕಿದ್ದೀಯಲ್ಲ?’ ಎಂದು ಗದರಿದಾಗ ಹೆದರಿ ಏನೋ ಹೂಂಗುಟ್ಟಿದ. ಅದರ ವಿಡಿಯೊ ‘ತಪ್ಪೊಪ್ಪಿಗೆ’ಯಾಗಿ ಹರಿದಾಡಿತು. ಹೋಟೆಲ್ ಪುಡಿಯಾಯಿತು, ಮಸೀದಿಗೂ ಏಟು ಬಿತ್ತು. ಸರ್ಕಾರಿ ಪ್ರಯೋಗಾಲಯ ಕೊನೆಗೆ ಹೇಳಿದ್ದೇನು? ಅದು ಹಿಟ್ಟಿನ ಗಂಟು. ಗಸಿ ಸರಿಯಾಗಿ ಕದಡದಿದ್ದರೆ ನಮ್ಮ ಅಡುಗೆಮನೆಯಲ್ಲೂ ಸಿಗುವಂಥದ್ದು. ಊಟದಲ್ಲಿ ಬೆರೆಸಿ ಶಾಶ್ವತವಾಗಿ ಬಂಜೆ ಮಾಡುವ ಮಾತ್ರೆ ವೈದ್ಯಕೀಯದಲ್ಲಿ ಇಲ್ಲ.

ವರದಿ ಬರುವಷ್ಟರಲ್ಲಿ ಕ್ಯಾಂಡಿ ಜಿಲ್ಲೆಯಲ್ಲಿ ಇನ್ನೊಂದು ಕಥೆ ಶುರುವಾಗಿತ್ತು. ರಸ್ತೆ ಜಗಳದಲ್ಲಿ ಮುಸ್ಲಿಮ್ ಯುವಕರಿಂದ ಪೆಟ್ಟು ತಿಂದ ಸಿಂಹಳ ಲಾರಿ ಚಾಲಕ ಮಾರ್ಚ್ 3ರಂದು ತೀರಿಕೊಂಡ. 5ಕ್ಕೆ ದಿಗನದಲ್ಲಿ ಅಂಗಡಿಗಳಿಗೆ ಬೆಂಕಿ, 6ಕ್ಕೆ ತುರ್ತುಪರಿಸ್ಥಿತಿ, 7ಕ್ಕೆ ಫೇಸ್‌ಬುಕ್, ವಾಟ್ಸಾಪ್ ಬಂದ್. ಈ ತಾರೀಕುಗಳನ್ನು ಸಾಲಾಗಿ ಓದಿ ನೋಡಿ. ಸಾವಿಗೂ ಬೆಂಕಿಗೂ ನಡುವೆ ಎರಡು ದಿನವಿತ್ತು. ಪೊಲೀಸರಿಗೆ ಆ ಎರಡು ದಿನ ಸಾಕಾಗಬೇಕಿತ್ತು.

ಈಸ್ಟರ್ ಬಾಂಬ್‌ ಬಗ್ಗೆ ನೀವು ಮಾತೇ ಆಡುವುದಿಲ್ಲ. (ಮಣಿಪಾಲ)

ಆಡೋಣ. ಲಂಕೆಯಲ್ಲಿ 2019ರ ಏಪ್ರಿಲ್ 21ರ ಈಸ್ಟರ್ ದಿನ ಮೂರು ಚರ್ಚು, ಮೂರು ಹೋಟೆಲುಗಳಲ್ಲಿ ಆತ್ಮಾಹುತಿ ದಾಳಿ ಮಾಡಿದವರು ಇಸ್ಲಾಮೀ ಉಗ್ರರೇ. 260ಕ್ಕೂ ಹೆಚ್ಚು ಜನ ಸತ್ತರು. ಬರ್ಮಾದಲ್ಲೂ 2017ರ ಆಗಸ್ಟ್ 25ರಂದು ಸಶಸ್ತ್ರ ರೋಹಿಂಗ್ಯಾ ಗುಂಪು ಸುಮಾರು 30 ಪೊಲೀಸ್ ಠಾಣೆಗಳ ಮೇಲೆ ಎರಗಿತು. ಆದರೆ ತಾರೀಕು ನೋಡಿ: ಲಂಕೆಯ ಭಿಕ್ಷುಗಳ ಸಂಘಟನೆ ಬೋದು ಬಲ ಸೇನಾ ಹುಟ್ಟಿದ್ದು 2012ರಲ್ಲಿ, ಅಳುತ್‌ಗಮ ಎಂಬ ಊರಿನಲ್ಲಿ ಮುಸ್ಲಿಮರ ಮನೆ, ಅಂಗಡಿ ಉರಿದದ್ದು 2014ರಲ್ಲಿ, ದಿಗನ 2018ರಲ್ಲಿ. ಈಸ್ಟರ್ ಇವೆಲ್ಲಕ್ಕೂ ಕಾರಣವಾಗಲಾರದು. ಚರ್ಚಿನಲ್ಲಿ ಸತ್ತವರು ಕ್ರೈಸ್ತರು, ಮರುತಿಂಗಳು ಮುಸ್ಲಿಮರ ಮನೆಗಳಿಗೆ ನುಗ್ಗಿದವು ಸಿಂಹಳ ಗುಂಪುಗಳು. ಬರ್ಮಾದ ಸೇನೆ ಠಾಣೆಗಳ ದಾಳಿಗೆ ಕೊಟ್ಟ ಉತ್ತರಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು.

ಇಂಥ ಭಿಕ್ಷುವಿನ ಚೀವರ ಕಳಚಲು ಸಂಘಕ್ಕೆ ಅಧಿಕಾರವಿಲ್ಲವೇ? (ಪುತ್ತೂರು)

ಇದೆ, ಆದರೆ ಬಾಗಿಲು ಕಿರಿದು. ವಿನಯದ, ಅಂದರೆ ಭಿಕ್ಷುಗಳ ನಿಯಮಾವಳಿಯ ಪ್ರಕಾರ ಭಿಕ್ಷುತ್ವ ತಾನಾಗಿ ಬಿದ್ದುಹೋಗುವುದು ನಾಲ್ಕು ‘ಪಾರಾಜಿಕ’ಗಳಿಂದ: ಮೈಥುನ, ಕಳವು, ನರಹತ್ಯೆ, ಇಲ್ಲದ ಸಿದ್ಧಿ ಇದೆಯೆಂದು ಹೇಳಿಕೊಳ್ಳುವುದು. ಕೊಲ್ಲಿಸುವುದೂ ಮೂರನೆಯದರಲ್ಲಿ ಸೇರುತ್ತದೆ. ಆದರೆ ‘ಇಂಥವನನ್ನು ಕೊಲ್ಲು’ ಎಂದದ್ದು ಸಾಬೀತಾಗಬೇಕು. ‘ಸಾಸನ ಅಪಾಯದಲ್ಲಿದೆ’ ಎಂದು ಮೈಕಿನಲ್ಲಿ ಕೂಗಿದವನು ಅಲ್ಲಿ ಸಿಕ್ಕಿಬೀಳುವುದಿಲ್ಲ. ಲಂಕೆಯಲ್ಲಿ ಸಿಯಾಂ, ಅಮರಪುರ, ರಾಮಞ್ಞ ಎಂದು ಮೂರು ನಿಕಾಯಗಳು (ಭಿಕ್ಷು ಪಂಗಡಗಳು) ಇದ್ದವು, 2019ರಲ್ಲಿ ಕೊನೆಯ ಎರಡು ಒಂದಾದವು. ಎಲ್ಲರ ಮೇಲೊಬ್ಬ ಪೀಠಾಧಿಪತಿ ಇಲ್ಲ. ವಿಹಾರದ ಆಸ್ತಿ ಗುರುವಿನಿಂದ ಶಿಷ್ಯನಿಗೆ ಇಳಿಯುವುದರಿಂದ ಹೊರಗಿನವರ ಮಾತಿಗೆ ಬಗ್ಗುವ ದರ್ದೂ ಇಲ್ಲ. ಬರ್ಮಾದಲ್ಲಿ ಸರ್ಕಾರ ಮಾನ್ಯ ಮಾಡಿದ ಮಹಾನಾಯಕ ಸಮಿತಿಯೇ ಇದೆ. ಅದು 2017ರ ಮೇನಲ್ಲಿ ‘ಮಾ ಬಾ ಥಾ’ ಹೆಸರನ್ನು ನಿಷೇಧಿಸಿತು. ಅವರು ಹೊಸ ಹೆಸರಿನ ಬೋರ್ಡು ಹಾಕಿಕೊಂಡರು.

ಸಂಘದ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ, ಭಿಕ್ಷಾಪಾತ್ರೆ ಮಗುಚುವುದು. ಒಬ್ಬನ ದಾನ ಸ್ವೀಕರಿಸದಿದ್ದರೆ ಅವನಿಗೆ ಪುಣ್ಯದ ದಾರಿಯೇ ಮುಚ್ಚಿತು. 1990 ಮತ್ತು 2007ರಲ್ಲಿ ಬರ್ಮಾದ ಭಿಕ್ಷುಗಳು ಸೇನಾಡಳಿತದ ಮೇಲೆ ಇದನ್ನು ಪ್ರಯೋಗಿಸಿದ್ದರು. ಆದರೆ ಇದು ಗೃಹಸ್ಥರ ಮೇಲಿನ ಅಸ್ತ್ರ, ಭಿಕ್ಷುವಿನ ಮೇಲೆ ನಡೆಯದು.

ಬೈಲಕುಪ್ಪೆಯಲ್ಲಿರುವವರೂ ಇದೇ ಪಂಥದವರೇ? (ಕಾರ್ಕಳ)

ಅಲ್ಲ. ಅವರು ಟಿಬೆಟಿನ ವಜ್ರಯಾನದವರು, ಈ ಸಂಘಟನೆಗಳಿಗೂ ಅವರಿಗೂ ಸಂಬಂಧವಿಲ್ಲ. ಈ ವ್ಯತ್ಯಾಸ ತಿಳಿಯದೆ ಕರ್ನಾಟಕವೇ ಒಮ್ಮೆ ಬೆಲೆ ತೆತ್ತಿದೆ. 2010ರಲ್ಲಿ ಚೀನಾದ ಯೂಶು ಭೂಕಂಪದಲ್ಲಿ ಸತ್ತವರ ಹೆಣಗಳ ನಡುವೆ ನಿಂತ ಟಿಬೆಟನ್ ಭಿಕ್ಷುಗಳ ಚಿತ್ರವನ್ನು, ಬರ್ಮಾದಲ್ಲಿ ಮುಸ್ಲಿಮರನ್ನು ಕೊಂದವರು ಇವರೇ ಎಂದು 2012ರಲ್ಲಿ ಹಂಚಿದರು. ಇಂಥ ಚಿತ್ರಗಳು, ಅಸ್ಸಾಮಿನ ಗಲಭೆ, ಪ್ರತೀಕಾರದ ವದಂತಿ ಎಲ್ಲ ಕೂಡಿ ಆಗಸ್ಟ್‌ನಲ್ಲಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ತಡೆ ಹಾಕಬೇಕಾಯಿತು.

ಅಂಥ ಚಿತ್ರ ನಿಮ್ಮ ಮೊಬೈಲಿಗೆ ಬಂದರೆ ಬಣ್ಣ ನೋಡಬೇಡಿ, ಕಡುಗೆಂಪು ಎರಡೂ ಕಡೆ ಇದೆ. ಹೆಗಲು ನೋಡಿ. ಟಿಬೆಟನ್ನರು ಹೊದಿಕೆಯ ಒಳಗೆ ತೋಳಿಲ್ಲದ ರವಿಕೆಯಂಥ ಅಂಗಿ ತೊಡುತ್ತಾರೆ, ಅಂಚಿನಲ್ಲಿ ಸಾಮಾನ್ಯವಾಗಿ ನೀಲಿ ದಾರವಿರುತ್ತದೆ. ಬರ್ಮಾದ ಭಿಕ್ಷುವಿನ ಚೀವರದಲ್ಲಿ ಆ ಅಂಚು ಕಾಣಸಿಗದು.