ಪೇಜ್ ಫೈಲ್ ತೆಗೆದರೆ ಕಂಪ್ಯೂಟರ್ ವೇಗವಾಗುತ್ತದೆಯೇ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಮೀನು ವ್ಯಾಪಾರದ ಲೆಕ್ಕಪತ್ರವೆಲ್ಲ ವಿಂಡೋಸ್ 11 ಇರುವ ಒಂದೇ ಡೆಸ್ಕ್‌ಟಾಪ್‌ನಲ್ಲಿದೆ. ರ್‍ಯಾಮ್ 8 ಜಿಬಿ. ಸಿ ಡ್ರೈವ್ ಎಸ್‌ಎಸ್‌ಡಿ, ಡಿ ಡ್ರೈವ್ ಹಳೆಯ ಹಾರ್ಡ್ ಡಿಸ್ಕ್. ರ್‍ಯಾಮ್ ಸಾಲದಾದಾಗ ವಿಂಡೋಸ್ ಬಳಸಲು ಡಿಸ್ಕ್‌ನಲ್ಲಿ ಕಾಯ್ದಿಡುವ ಜಾಗ, ಅಂದರೆ ಪೇಜ್ ಫೈಲ್, 4 ಜಿಬಿಯಷ್ಟು ಡಿ ಡ್ರೈವ್‌ನಲ್ಲಿದೆ. ಲೆಕ್ಕದ ಸಾಫ್ಟ್‌ವೇರ್, ಜಿಎಸ್‌ಟಿ ಪೋರ್ಟಲ್, ವಾಟ್ಸಾಪ್ ಒಟ್ಟಿಗೆ ತೆರೆದರೆ ಕೆಲಸ ಬಹಳ ನಿಧಾನವಾಗುತ್ತದೆ. ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಕಮಿಟೆಡ್ 9.4/11.8 ಜಿಬಿ’ ಎಂದು ಕಾಣುತ್ತದೆ. ಪೇಜ್ ಫೈಲ್ ತೆಗೆದರೆ ವೇಗ ಬರುತ್ತದೆಂದು ಪರಿಚಯದವರು ಹೇಳುತ್ತಾರೆ. ತೆಗೆಯಬಹುದೇ?

ಉತ್ತರ: ದಯವಿಟ್ಟು ತೆಗೆಯಬೇಡಿ. ನೀವು ಬರೆದುಕೊಂಡ ಅಂಕಿಗಳಲ್ಲೇ ಇದಕ್ಕೆ ಕಾರಣವಿದೆ. ತೆರೆದಿರುವ ಪ್ರೋಗ್ರಾಂಗಳಿಗೆ ಒದಗಿಸುವುದಾಗಿ ವಿಂಡೋಸ್ ಈಗಾಗಲೇ ಒಪ್ಪಿಕೊಂಡಿರುವ ಮೆಮೊರಿ 9.4 ಜಿಬಿ; ಅದು ಒಪ್ಪಿಕೊಳ್ಳಬಹುದಾದ ಗರಿಷ್ಠ ಮಿತಿ 11.8 ಜಿಬಿ. ಬಳಕೆಗೆ ಸಿಗುವ ಸುಮಾರು 7.8 ಜಿಬಿ ರ್‍ಯಾಮ್‌ಗೆ ಪೇಜ್ ಫೈಲ್‌ನ 4 ಜಿಬಿ ಸೇರಿ ಈ ಮಿತಿ ಬಂದಿದೆ. ಪೇಜ್ ಫೈಲ್ ತೆಗೆದರೆ ಮಿತಿ 7.8ಕ್ಕೆ ಇಳಿಯುತ್ತದೆ, ನಿಮ್ಮ ಅಗತ್ಯವೇ ಅದನ್ನು ಮೀರಿರುವುದರಿಂದ ಬಿಲ್ ಬರೆಯುತ್ತಿರುವಾಗಲೇ ಸಾಫ್ಟ್‌ವೇರ್ ಮುಚ್ಚಿಹೋಗಿ, ಸೇವ್ ಮಾಡದ ನಮೂದುಗಳು ನಷ್ಟವಾಗುವ ಅಪಾಯವಿದೆ.

ನಿಮ್ಮಲ್ಲಿ ನಿಜವಾದ ತೊಂದರೆ ಇರುವುದು ಪೇಜ್ ಫೈಲ್ ಇರುವ ಜಾಗದಲ್ಲಿ. ರ್‍ಯಾಮ್ ತುಂಬಿದಾಗಲೆಲ್ಲ ಆ ಹಳೆಯ ಹಾರ್ಡ್ ಡಿಸ್ಕ್‌ನಿಂದ ಓದಿ ಬರೆಯಬೇಕಾಗುತ್ತದೆ, ಅದು ಎಸ್‌ಎಸ್‌ಡಿಗಿಂತ ಎಷ್ಟೋ ಪಟ್ಟು ನಿಧಾನ. ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್’ ಹುಡುಕಿ ತೆರೆದು, ಪರ್ಫಾರ್ಮೆನ್ಸ್ ವಿಭಾಗದ ಸೆಟ್ಟಿಂಗ್ಸ್‌ನಿಂದ ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋಗಿ, ವರ್ಚುವಲ್ ಮೆಮೊರಿಯ ಕೆಳಗಿನ ‘ಚೇಂಜ್’ ಒತ್ತಿರಿ. ಮೊದಲು ಸಿ ಡ್ರೈವ್‌ಗೆ ‘ಸಿಸ್ಟಂ ಮ್ಯಾನೇಜ್ಡ್ ಸೈಜ್’ ಆರಿಸಿ ‘ಸೆಟ್’ ಒತ್ತಿ, ಅನಂತರವೇ ಡಿ ಡ್ರೈವ್‌ಗೆ ‘ನೋ ಪೇಜಿಂಗ್ ಫೈಲ್’ ಆರಿಸಿ ಮತ್ತೆ ‘ಸೆಟ್’ ಒತ್ತಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಸಿ ಡ್ರೈವ್‌ನಲ್ಲಿ ಸಾಕಷ್ಟು ಖಾಲಿ ಜಾಗವಿರಲಿ.

‘ರ್‍ಯಾಮ್ ಕ್ಲೀನರ್’ ಸಾಫ್ಟ್‌ವೇರ್‌ಗಳ ಗೊಡವೆ ಬೇಡ. ಅವು ರ್‍ಯಾಮ್‌ನಿಂದ ಹೊರದೂಡಿದ್ದನ್ನು ವಿಂಡೋಸ್ ಮರುಕ್ಷಣವೇ ಡಿಸ್ಕ್‌ನಿಂದ ತರಬೇಕಾಗಿ ಬರುತ್ತದೆ.

ಇಷ್ಟಾದ ಮೇಲೂ ಅಗತ್ಯ 9.4ರ ಆಸುಪಾಸಿನಲ್ಲೇ ಇದ್ದರೆ ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿಸುವುದೇ ಸರಿಯಾದ ಖರ್ಚು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ನೋಡಿ ಜಾಗವಿದೆಯೇ ಎಂದು ತಿಳಿದುಕೊಳ್ಳಿ. ಡಿಡಿಆರ್4 ಪೀಳಿಗೆಯ ರ್‍ಯಾಮ್‌ನ ಸ್ಲಾಟ್‌ಗೆ ಡಿಡಿಆರ್3 ಅಥವಾ ಡಿಡಿಆರ್5 ಕೂರುವುದಿಲ್ಲವಾದ್ದರಿಂದ ಅದೇ ಪೀಳಿಗೆಯದನ್ನು ಕೊಳ್ಳಿ. ನಮ್ಮ ಕರಾವಳಿಯ ಉಪ್ಪು ಬೆರೆತ ತೇವದ ಗಾಳಿಗೆ ಲೋಹದ ಸಂಪರ್ಕಬಿಂದುಗಳು ಕಿಲುಬು ಹಿಡಿಯುವುದುಂಟು. ಹೊಸದನ್ನು ಕೂರಿಸುವಾಗ ಹಳೆಯದನ್ನೂ ತೆಗೆಸಿ ಒರೆಸಿ ಹಾಕಿಸಿ.