ಪಾಯಿಂಟಿನ ಬೆಲೆ ಯಾರ ಕೈಲಿದೆ, ಮೇಷ್ಟ್ರೇ?

ಶಿವಮೊಗ್ಗದಿಂದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬರೆದಿದ್ದಾರೆ:

"ಮಾನ್ಯ ಸಂಪಾದಕರೇ, ಮಗಳು ದೆಹಲಿಯಲ್ಲಿದ್ದಾಳೆ. ನಾನೂ ನನ್ನಾಕೆಯೂ ವರ್ಷಕ್ಕೆರಡು ಸಲ ಹೋಗಿಬರುತ್ತೇವೆ. ಮೊನ್ನೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಏರ್‌ಲೈನ್ ಹೆಸರಿನ ಕ್ರೆಡಿಟ್ ಕಾರ್ಡ್ ತಗೊಳ್ಳಿ ಸಾರ್ ಅಂತ ಹಿಡಿದ. ವಾರ್ಷಿಕ ಶುಲ್ಕ ಬರೀ 1,500 ರೂಪಾಯಿ. ಸೇರಿದ ಕೂಡಲೇ ಒಂದು ಟಿಕೆಟ್ ಫ್ರೀ. 200 ರೂಪಾಯಿ ಖರ್ಚಿಗೆ 2 ಪಾಯಿಂಟ್, ಕೂಡಿಟ್ಟರೆ ಅವಕ್ಕೂ ಟಿಕೆಟ್ ಸಿಗುತ್ತದಂತೆ. ವರ್ಷಕ್ಕೆ ಒಂದೂಕಾಲು ಲಕ್ಷ ಖರ್ಚು ಮಾಡಿದರೆ ಇನ್ನೊಂದು ಟಿಕೆಟ್. ದೊಡ್ಡ ಕಾರ್ಡುಗಳಿಗೆ ಹತ್ತು ಸಾವಿರ ಶುಲ್ಕವಂತೆ. ಅದರ ಮುಂದೆ ಇದು ಅಗ್ಗವೇ. ಬ್ಯಾಂಕಿನವರೆಂದರೆ ನೀವು ಸಿಡಿಮಿಡಿ ಅನ್ನುತ್ತೀರಿ ಅಂತ ಗೊತ್ತು. ಆದರೂ ಕೇಳುತ್ತೇನೆ, ತಗೊಳ್ಳಲಾ?"

ಸಂಪಾದಕರ ಉತ್ತರ:

ಬೇಡ ಮೇಷ್ಟ್ರೇ. ಒಂದೇ ಮಾತಿನ ಉತ್ತರ ಸಾಕು ಅನ್ನುವವರು ಇಲ್ಲಿಗೇ ಪುಟ ತಿರುಗಿಸಬಹುದು. ನೀವು ಮಾತ್ರ ತಿರುಗಿಸಬೇಡಿ. ಲಾಭ–ನಷ್ಟದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಊರಿನ ಮಕ್ಕಳಿಗೆಲ್ಲ ಕಲಿಸಿದವರು ನೀವು. ನಿಮ್ಮಂಥವರೇ "ಹತ್ತು ಸಾವಿರದ ಮುಂದೆ ಇದು ಅಗ್ಗ" ಅಂತ ಬರೆದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ.

ಹತ್ತು ಸಾವಿರದ ಕಾರ್ಡು ನೀವು ಹೇಗೂ ತಗೊಳ್ಳುತ್ತಿರಲಿಲ್ಲ, ಅಲ್ವಾ? ಹಾಗಿದ್ದಮೇಲೆ ಅದರ ಜೊತೆ ಹೋಲಿಕೆ ಏಕೆ? ಶುಲ್ಕವೇ ಇಲ್ಲದ ಕಾರ್ಡುಗಳು ಬೇಕಾದಷ್ಟಿವೆ. ಹೋಲಿಸುವುದಾದರೆ ಅವುಗಳ ಜೊತೆ ಹೋಲಿಸಿ. ಇನ್ನು ಆ 1,500 ಕೂಡ 1,500 ಅಲ್ಲ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,770 ಆಗುತ್ತದೆ. ಹುಡುಗ ಹೇಳಲಿಲ್ಲ, ನೀವು ಕೂಡಿಸಲಿಲ್ಲ.

ತಿಂಗಳಿಗೆ 15 ಸಾವಿರದಂತೆ ವರ್ಷಕ್ಕೆ 1 ಲಕ್ಷ 80 ಸಾವಿರ ಕಾರ್ಡಿನಲ್ಲಿ ಖರ್ಚು ಮಾಡುತ್ತೀರಿ ಅಂತ ಇಟ್ಟುಕೊಳ್ಳೋಣ. 1,800 ಪಾಯಿಂಟ್ ಬಂತು. ಒಂದಕ್ಕೆ 75 ಪೈಸೆ ಅಂತ ಹಿಡಿದರೂ 1,350 ರೂಪಾಯಿ. ಕಟ್ಟಿದ್ದು 1,770. ಅಂದರೆ ಪಾಯಿಂಟುಗಳ ಮಟ್ಟಿಗೆ 420 ರೂಪಾಯಿ ಕೈಬಿಟ್ಟು ಹೋಯಿತು. ಅದೇ ಖರ್ಚನ್ನು ಶುಲ್ಕವಿಲ್ಲದ, ನೂರಕ್ಕೆ ಒಂದು ರೂಪಾಯಿ ವಾಪಸ್ ಕೊಡುವ ಸಾದಾ ಕಾರ್ಡಿನಲ್ಲಿ ಮಾಡಿದ್ದರೆ 1,800 ರೂಪಾಯಿ ನಿಮ್ಮ ಬಿಲ್ಲಿನಲ್ಲೇ ಕಡಿಮೆಯಾಗುತ್ತಿತ್ತು. ಆ ದುಡ್ಡಿಗೆ ಟೊಮೆಟೊ ಬರುತ್ತದೆ, ರೈಲು ಟಿಕೆಟ್ ಬರುತ್ತದೆ, ಬೇಕಿದ್ದರೆ ವಿಮಾನದ ಟಿಕೆಟೂ ಬರುತ್ತದೆ. ಯಾವ ಏರ್‌ಲೈನ್ ಆದರೂ ಸರಿ.

"ಎರಡು ಫ್ರೀ ಟಿಕೆಟ್ ಎಲ್ಲಿ ಬಿಟ್ಟಿರಿ?" ಅಂತ ಕೇಳುತ್ತೀರಿ. ಒಪ್ಪಿದೆ. ಎರಡೂ ನಿಮಗೆ ಬೇಕಾದ ದಿನಕ್ಕೆ ಸಿಕ್ಕಿಬಿಟ್ಟರೆ ಕಾರ್ಡು ಗೆಲ್ಲುತ್ತದೆ. ವಿಮಾನ ಹತ್ತುವುದೇ ಕೆಲಸವಾದವರು, ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುವವರು, ಷರತ್ತುಗಳನ್ನು ಪಂಚಾಂಗ ನೋಡಿದಷ್ಟು ಶ್ರದ್ಧೆಯಿಂದ ನೋಡುವವರು ಇದರಲ್ಲಿ ಚೆನ್ನಾಗಿಯೇ ಉಳಿಸುತ್ತಾರೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಒಬ್ಬ, ಪುಡಿಂಗ್ ಡಬ್ಬಿಯ ಮೇಲಿನ ಲೇಬಲ್ ಕಳಿಸಿದರೆ ಏರ್‌ಲೈನ್ ಮೈಲು (ನಮ್ಮ ಪಾಯಿಂಟಿಗೆ ಅಲ್ಲಿನ ಹೆಸರು) ಕೊಡುತ್ತೇವೆ ಎಂಬ ಜಾಹೀರಾತು ನೋಡಿ, 12 ಸಾವಿರಕ್ಕೂ ಹೆಚ್ಚು ಪುಡಿಂಗ್ ಕಪ್ ಕೊಂಡ. ಖರ್ಚಾದದ್ದು ಮೂರು ಸಾವಿರ ಡಾಲರ್ ಚಿಲ್ಲರೆ, ಬಂದದ್ದು 12 ಲಕ್ಷಕ್ಕೂ ಹೆಚ್ಚು ಮೈಲು. ಅಷ್ಟೂ ಪುಡಿಂಗನ್ನು ತಿನ್ನುವುದು ಹೇಗೆ? ದಾನ ಕೊಟ್ಟು, ಆ ದಾನಕ್ಕೆ ತೆರಿಗೆ ವಿನಾಯಿತಿಯನ್ನೂ ಪಡೆದ. ಅಂಥವರಿಗೆ ನನ್ನ ನಮಸ್ಕಾರ. ಆದರೆ ಅಂಥವರನ್ನು ನಂಬಿಕೊಂಡು ಬ್ಯಾಂಕು ಕಾರ್ಡು ಹಂಚುವುದಿಲ್ಲ. ಅದು ನಂಬಿರುವುದು ನಮ್ಮನ್ನು, ನಿಮ್ಮನ್ನು.

ಫ್ರೀ ಟಿಕೆಟ್ ಅಂದರೆ ಸಾಮಾನ್ಯವಾಗಿ ಮೂಲ ದರ ಮಾತ್ರ ಫ್ರೀ. ತೆರಿಗೆ, ನಿಲ್ದಾಣದ ಶುಲ್ಕ, ಅದೂ ಇದೂ ನೀವೇ ಕಟ್ಟಬೇಕು. ಅಂಥ ಟಿಕೆಟಿಗೆ ಪ್ರತಿ ವಿಮಾನದಲ್ಲಿ ಕೆಲವೇ ಸೀಟು. ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಹುಡುಕಿ ನೋಡಿ. ಹೋಗುವವರು ಇಬ್ಬರು, ಸೇರಿದಾಗ ಸಿಗುವ ಫ್ರೀ ಟಿಕೆಟಿನ ವೋಚರ್ ಒಂದು. ನಿಮ್ಮಾಕೆಗೆ ಅದೇ ವಿಮಾನದಲ್ಲಿ ಅವತ್ತಿನ ದರಕ್ಕೆ ಟಿಕೆಟ್ ಕೊಳ್ಳುತ್ತೀರಿ. ಬೇರೆ ಕಂಪನಿಯಲ್ಲಿ ಎರಡು ಸಾವಿರ ಕಮ್ಮಿಗೆ ಸಿಗುತ್ತಿದ್ದರೂ ವೋಚರ್ ಇದೆಯಲ್ಲ ಅಂತ ಇಲ್ಲೇ ಕೊಳ್ಳುತ್ತೀರಿ. ಇನ್ನೊಂದು: ಸೇರಿದಾಗಿನ ಟಿಕೆಟ್ ಪ್ರತಿ ವರ್ಷವೂ ಸಿಗುತ್ತದಾ, ಮೊದಲ ವರ್ಷ ಮಾತ್ರವಾ? ಪತ್ರದಲ್ಲಿ ಬರೆದಿಲ್ಲ. ಕೇಳಿದ್ದೀರಾ? ಶುಲ್ಕವಂತೂ ಪ್ರತಿ ವರ್ಷ ಬರುತ್ತದೆ.

ಒಂದೂಕಾಲು ಲಕ್ಷದ ಗುರಿ ಇದೆಯಲ್ಲ, ಅದರ ಕಥೆ ಬೇರೆ. ನನ್ನ ಸ್ನೇಹಿತರೊಬ್ಬರಿಗೆ ವರ್ಷದ ಕೊನೆಗೆ ಒಂಬತ್ತು ಸಾವಿರ ಕಡಿಮೆ ಬಿತ್ತು. ಟಿಕೆಟ್ ಕೈತಪ್ಪುತ್ತದಲ್ಲ ಅಂತ ಏರ್ ಫ್ರೈಯರ್ ತಂದರು. ಬೋಂಡಾ ಮಾತ್ರ ಇವತ್ತಿಗೂ ಅವರ ಮನೆಯಲ್ಲಿ ಬಾಣಲೆಯಲ್ಲೇ ಬೇಯುತ್ತದೆ, ಪುಣ್ಯ. ಫ್ರೈಯರ್ ಅಟ್ಟದ ಮೇಲೆ ಡಬ್ಬಿ ಸಮೇತ ಇದೆ. ಪೆಟ್ರೋಲ್, ಮನೆ ಬಾಡಿಗೆ, ವ್ಯಾಲೆಟ್‌ಗೆ ಹಾಕಿದ ದುಡ್ಡು, ಇಂಥವನ್ನು ಎಷ್ಟೋ ಕಾರ್ಡುಗಳು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದು ಸ್ನೇಹಿತರಿಗೆ ಗೊತ್ತಾದದ್ದು ಆಮೇಲೆ.

ಇಷ್ಟು ಲೆಕ್ಕ ಯಾರಾದರೂ ಹೇಳಿಯಾರು. ನನ್ನ ನಿಜವಾದ ತಕರಾರು ಬೇರೆ. ರೂಪಾಯಿಯ ಬೆಲೆ ಏರುಪೇರಾದರೆ ರಿಸರ್ವ್ ಬ್ಯಾಂಕ್ ಇದೆ, ಸರ್ಕಾರ ಇದೆ, ಬಯ್ಯಲು ಸಂಸತ್ತು ಇದೆ. ಪಾಯಿಂಟಿನ ಬೆಲೆ ಇಳಿಸಲು ಕಂಪನಿಯ ಒಂದು ಇಮೇಲ್ ಸಾಕು. ಇವತ್ತು 5 ಸಾವಿರ ಪಾಯಿಂಟಿಗೆ ಸಿಗುವ ಟಿಕೆಟಿಗೆ ನಾಳೆ 8 ಸಾವಿರ ಅಂದರೆ ನೀವು ಯಾರನ್ನು ಕೇಳುತ್ತೀರಿ? ಅಮೆರಿಕದ ಡೆಲ್ಟಾ ಏರ್‌ಲೈನ್ಸ್ 2015ರಲ್ಲಿ, ಯಾವ ಊರಿಗೆ ಎಷ್ಟು ಮೈಲು ಎಂಬ ಪಟ್ಟಿಯನ್ನೇ ತೆಗೆದುಹಾಕಿತು. ಅವತ್ತಿನ ಬೆಲೆ ಅವತ್ತು ನೋಡಿಕೊಳ್ಳಿ ಅಂದಿತು. ಜಾತ್ರೆಯ ತೊಟ್ಟಿಲಿಗೆ ಈ ವರ್ಷ ಕೊಂಡ ಚೀಟಿಯನ್ನು ಮುಂದಿನ ವರ್ಷ ಚಾಚಿದರೆ ತೊಟ್ಟಿಲಿನವ ನಗುತ್ತಾನೆ. ಅವನು ಊರಿಗೆ ಬಂದಿದ್ದರೆ ತಾನೇ ಅದೂ?

ಬರದೇ ಹೋದವರೂ ಇದ್ದಾರೆ. 2012ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ನಿಂತಿತು. ಪಾಯಿಂಟ್ ಕೂಡಿಟ್ಟವರಿಗೆ ಹತ್ತಲು ವಿಮಾನವೇ ಇರಲಿಲ್ಲ. 2019ರ ಏಪ್ರಿಲ್ 17ಕ್ಕೆ ಜೆಟ್ ಏರ್‌ವೇಸ್ ನಿಂತಿತು. ಅದರ ಪಾಯಿಂಟ್ ವ್ಯವಹಾರ ಬೇರೆ ಕಂಪನಿಯಾಗಿದ್ದರಿಂದ ಜೆಟ್‌ಪ್ರಿವಿಲೇಜ್ ಹೋಗಿ ಇಂಟರ್‌ಮೈಲ್ಸ್ ಆಯಿತು. ಪಾಯಿಂಟ್ ಉಳಿದವು, ಜೆಟ್ ವಿಮಾನ ಉಳಿಯಲಿಲ್ಲ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ನಿಮ್ಮ ಪತ್ರದ ಷರತ್ತುಗಳನ್ನು ಓದಿದಾಗ ನನಗೆ ನೆನಪಾದದ್ದು ವಿಸ್ತಾರಾ ಹೆಸರಿನ ಆಕ್ಸಿಸ್ ಬ್ಯಾಂಕ್ ಕಾರ್ಡು. ಅದಕ್ಕೂ 1,500 ರೂಪಾಯಿ ಶುಲ್ಕ, ಸೇರಿದಾಗ ಒಂದು ಟಿಕೆಟ್ ಇತ್ತು. ಕಡಿಮೆ ಶುಲ್ಕದ ಕಾರ್ಡುಗಳಲ್ಲಿ ಅದಕ್ಕೆ ಒಳ್ಳೆ ಹೆಸರಿತ್ತು, ಸುಳ್ಳು ಹೇಳಬಾರದು. 2024ರ ನವೆಂಬರ್ 12ಕ್ಕೆ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಪಾಯಿಂಟುಗಳು ಮಹಾರಾಜ ಕ್ಲಬ್ ಎಂಬ ಹೊಸ ಮನೆಗೆ ಹೋದವು. ಜನ ಕಾರ್ಡು ತಗೊಂಡದ್ದು ವಿಸ್ತಾರಾ ನೋಡಿ. ಪರ್ಸಿನಲ್ಲಿ ಉಳಿದದ್ದು ಅದರ ಹೆಸರು ಮಾತ್ರ.

ಇದರಲ್ಲಿ ಯಾರಿಗೆ ಲಾಭ ಅಂತ ನೋಡಬೇಕಾದರೆ ಈ ವಿದ್ಯೆ ಶುರುವಾದ ಅಮೆರಿಕಕ್ಕೇ ಹೋಗಬೇಕು. ಅಲ್ಲಿ 1978ರಲ್ಲಿ ವಿಮಾನ ದರದ ಮೇಲಿನ ಸರ್ಕಾರಿ ಹಿಡಿತ ಸಡಿಲವಾಯಿತು. ಪೈಪೋಟಿ ಜಾಸ್ತಿ ಆಯಿತು. ಗಿರಾಕಿಯನ್ನು ಕಟ್ಟಿಹಾಕಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಮೈಲು ಕೊಡುವ ಯೋಜನೆ ತಂದಿತು. 1987ರಲ್ಲಿ ಸಿಟಿ ಬ್ಯಾಂಕಿನ ಜೊತೆ ಸೇರಿ ಕಾರ್ಡು ತಂದಿತು. ಅಲ್ಲಿಂದ ಮುಂದೆ ಮೈಲು ಪಡೆಯಲು ವಿಮಾನ ಹತ್ತಬೇಕಾಗಿಯೇ ಇರಲಿಲ್ಲ, ದಿನಸಿ ಕೊಂಡರೂ ಸಾಕು. ಏರ್‌ಲೈನ್ ಮೈಲುಗಳನ್ನು ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕು ನಿಮಗೆ ಹಂಚುತ್ತದೆ. ಇವತ್ತು ಡೆಲ್ಟಾಗೆ ಅದರ ಹೆಸರಿನ ಕಾರ್ಡು ಕೊಡುವ ಅಮೆರಿಕನ್ ಎಕ್ಸ್‌ಪ್ರೆಸ್‌ನಿಂದ ವರ್ಷಕ್ಕೆ ಬರುವ ದುಡ್ಡು 700 ಕೋಟಿ ಡಾಲರ್ ದಾಟಿದೆ. ಕೋವಿಡ್ ಕಾಲದಲ್ಲಿ ವಿಮಾನಗಳೆಲ್ಲ ನೆಲಕ್ಕೆ ಕೂತಾಗ ಯುನೈಟೆಡ್ ಏರ್‌ಲೈನ್ಸ್ ಏನನ್ನು ಅಡವಿಟ್ಟಿತು ಗೊತ್ತಾ? ಪಾಯಿಂಟ್ ಯೋಜನೆಯನ್ನು. ಅದರ ಮೇಲೆ 680 ಕೋಟಿ ಡಾಲರ್ ಸಾಲ ಎತ್ತಿತು. ಡೆಲ್ಟಾ ಹೀಗೆಯೇ 900 ಕೋಟಿ ಎತ್ತಿತು. ನಮಗೆ ಫ್ರೀಯಾಗಿ ಕೊಟ್ಟದ್ದು ಅವರ ತಿಜೋರಿಯಲ್ಲಿ ಅಷ್ಟು ಬಾಳುತ್ತದೆ.

ಬ್ಯಾಂಕಿಗೆ ಆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುತ್ತೀರಾ? ಒಂದು ಪಾಲು ಅಂಗಡಿಯವರಿಂದ. ನಿಮ್ಮೂರ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕಾರ್ಡು ಚಾಚಿ ನೋಡಿ. "ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್, ಫೋನ್‌ಪೇ ಮಾಡಿಬಿಡಿ" ಅನ್ನುತ್ತಾರೆ. ನೂರಕ್ಕೆ 75 ಪೈಸೆಯ ಪಾಯಿಂಟಿಗಾಗಿ ಎರಡು ರೂಪಾಯಿ ಕೊಡುವುದಾ? ನಮ್ಮ ಪತ್ರಿಕೆಯ ಕಚೇರಿಯಲ್ಲಿ ಕಾರ್ಡು ಉಜ್ಜುವ ಯಂತ್ರ ಇಲ್ಲದಿರುವುದಕ್ಕೂ ಇದೇ ಕಾರಣ. ಚಂದಾದ ದುಡ್ಡಿನಲ್ಲಿ ಕಾಗದದ ಖರ್ಚು ಹೋಗಿ ಉಳಿಯುವುದೇ ಅಷ್ಟು.

ಇನ್ನೊಂದು ಪಾಲು ಬಡ್ಡಿಯಿಂದ. ಕಾರ್ಡಿನ ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಮೇಲೆ ಒಟ್ಟು ಬಾಕಿ, ಪಕ್ಕದಲ್ಲೋ ಕೆಳಗೋ "ಕನಿಷ್ಠ ಪಾವತಿ". 20 ಸಾವಿರದ ಬಿಲ್ಲಿಗೆ ಕನಿಷ್ಠ ಅಂದರೆ ಸುಮಾರು ಒಂದು ಸಾವಿರ. ಅಬ್ಬ, ಸಾವಿರ ಕಟ್ಟಿದರೆ ಸಾಕಲ್ಲ ಅನ್ನಿಸುತ್ತದೆ. ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ ಹಿಡಿದರೆ 700, ಅದರ ಮೇಲೆ ಜಿಎಸ್‌ಟಿ 126. ನೀವು ಕಟ್ಟಿದ ಸಾವಿರದಲ್ಲಿ 826 ಅದಕ್ಕೇ ಹೋಯಿತು. ಸಾಲ ಇಳಿದದ್ದು 174 ರೂಪಾಯಿ. ಆ 20 ಸಾವಿರಕ್ಕೆ ಬಂದ ಪಾಯಿಂಟು 200, ಬೆಲೆ 150 ರೂಪಾಯಿ. ಬಾಕಿ ಉಳಿಸಿಕೊಂಡ ತಿಂಗಳು ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ವರ್ಷಕ್ಕೆ 30 ಪರ್ಸೆಂಟಿಗಿಂತ ಜಾಸ್ತಿ ಬಡ್ಡಿ ಅನ್ಯಾಯದ ವ್ಯಾಪಾರ ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮೇಷ್ಟ್ರೇ, ನೀವು ಬಾಕಿ ಉಳಿಸುವವರಲ್ಲ, ಗೊತ್ತು. ಹಾಗಾದರೆ ನಿಮ್ಮ ಫ್ರೀ ಟಿಕೆಟಿನ ಖರ್ಚು ಇಂಥ ಸಾವಿರ ಕಟ್ಟಿಕೊಂಡು ಒದ್ದಾಡುವ ಯಾವುದೋ ಹುಡುಗನ ತಲೆಯ ಮೇಲೆ. ಅವನು ನಿಮ್ಮ ಶಿಷ್ಯನೂ ಆಗಿರಬಹುದು.

ಬ್ಯಾಂಕಿನವರ ಮೇಲೆ ನನಗೆ ಸಿಡುಕು ಅಂದಿರಿ. ಸಿಡುಕಲ್ಲ, ಹೊಟ್ಟೆಯುರಿ. ಬ್ಯಾಂಕು ಕಟ್ಟುವುದನ್ನು ದೇಶಕ್ಕೆ ತೋರಿಸಿದ ಕರಾವಳಿ ನಮ್ಮದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಮತ್ತೆ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಆದ ಬ್ಯಾಂಕು, 1931ರಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಿದ್ದ. ನಾನು ನೋಡಿದ ಪಿಗ್ಮಿ ಏಜೆಂಟ್ ಕಂಕುಳಲ್ಲಿ ಚೀಲ, ಕಿವಿಯ ಮೇಲೆ ಪೆನ್ನು ಇಟ್ಟುಕೊಂಡು ಹೂವಿನವಳ ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಾರ್ಡಿನಲ್ಲಿ ಅವತ್ತಿನ ಮೊತ್ತ ಬರೆದು, ಅವಳಿಗೆ ಓದಿ ಹೇಳುತ್ತಿದ್ದ. ಅವಳಿಗೆ ಓದಲು ಬರುತ್ತಿರಲಿಲ್ಲ. ಒಟ್ಟು ಎಷ್ಟಾಯಿತು ಅಂತ ಬಾಯಲ್ಲೇ ಲೆಕ್ಕ ಇತ್ತು, ಅವನದ್ದು ತಪ್ಪಿದರೆ ತಿದ್ದುತ್ತಿದ್ದಳು.

ಆ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳ ಹೊಟ್ಟೆ ಸೇರಿದವು. ಈಗ ಬಾಗಿಲಿಗೆ ಬರುವವನು ಕಾರ್ಡು ಮಾರುವ ಹುಡುಗ. ಅವನನ್ನು ನಾನು ಬಯ್ಯುವುದಿಲ್ಲ. ತಿಂಗಳಿಗೆ ಇಷ್ಟು ಕಾರ್ಡು ಅಂತ ಅವನ ತಲೆಯ ಮೇಲೆ ಟಾರ್ಗೆಟ್ ಇರುತ್ತದೆ, ಷರತ್ತನ್ನು ಅವನೂ ಓದಿರುವುದಿಲ್ಲ. ಷರತ್ತಾದರೂ ಯಾವ ಭಾಷೆಯಲ್ಲಿರುತ್ತದೆ? ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ. ಸಹಿ ಹಾಕುವ ಜಾಗ ಮಾತ್ರ ದೊಡ್ಡದಾಗಿ ಕಾಣುತ್ತದೆ. ಒಂದು ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎಂದದ್ದನ್ನು ನಂಬಿ ನಾನು ಒತ್ತಿದೆ. ಹಾಡು ಕೇಳಿಸಿ, ಆಮೇಲೆ ಹಿಂದಿಯಲ್ಲಿ ನಮಸ್ತೆ ಅಂದರು. ಕರ್ನಾಟಕದಲ್ಲಿ ಕಾರ್ಡು ಮಾರುವಾಗ "ತಗೊಳ್ಳಿ ಸಾರ್" ಅನ್ನುವಷ್ಟು ಕನ್ನಡ ಬರುತ್ತದೆ, ದುಡ್ಡು ಮುರಿದುಕೊಂಡಾಗ ಯಾಕೆ ಮುರಿದುಕೊಂಡಿರಿ ಅನ್ನುವುದಕ್ಕೆ ಉತ್ತರಿಸುವಷ್ಟು ಬರುವುದಿಲ್ಲ. ಇದನ್ನು ಕೇಳಬೇಕಾದ ನಮ್ಮ ಸಂಸದರು ದೆಹಲಿಗೆ ಹೋಗುವುದು ಸರ್ಕಾರಿ ಟಿಕೆಟಿನಲ್ಲಿ, ಅವರಿಗೆ ಪಾಯಿಂಟಿನ ಚಿಂತೆ ಏಕೆ?

ಇಷ್ಟಾದಮೇಲೂ ತಗೊಳ್ಳುತ್ತೇನೆ ಅಂದರೆ ನಿಮ್ಮ ಇಷ್ಟ. ಸಹಿ ಹಾಕುವ ಮೊದಲು ಬಡ್ಡಿ, ಶುಲ್ಕಗಳನ್ನು ಒಂದೇ ಪುಟದಲ್ಲಿ ಬರೆದ ಹಾಳೆ ಕೇಳಿ. ಅರ್ಜಿಯ ಜೊತೆ ಅದನ್ನು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಮುಂದೆ ಸಾಕಾಗಿ ಕಾರ್ಡು ಮುಚ್ಚಿ ಅಂದರೆ, ಬಾಕಿ ಇಲ್ಲದಿದ್ದಲ್ಲಿ ಅವರು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ದಂಡ, ಅದು ನಿಮಗೇ ಬರಬೇಕು. ಅದನ್ನು ಪಾಯಿಂಟಿನಲ್ಲಿ ಕೊಡುತ್ತೇವೆ ಅಂದರೆ ಒಪ್ಪಬೇಡಿ ಮೇಷ್ಟ್ರೇ, ರೂಪಾಯಿಯಲ್ಲೇ ಕೇಳಿ.